ಚಳಿಗಾಲದಲ್ಲಿ ಹಕ್ಕಿ, ಪ್ರಾಣಿ ನೋಡಲು ಹೊರಟಿದ್ದೀರಾ? ಎಲ್ಲಿ, ಯಾವಾಗ, ಎಷ್ಟು ದೂರದಿಂದ: ಇಲ್ಲಿದೆ ಪೂರ್ಣ ಮಾಹಿತಿ

ಡಿಸೆಂಬರ್‌ನ ಭಾನುವಾರದ ಬೆಳಗು. ಊರಾಚೆಯ ಕೆರೆ ಏರಿಯ ಮೇಲೆ ಕಾರೊಂದು ಬಂದು ನಿಲ್ಲುತ್ತದೆ. ನಾಲ್ಕೂ ಬಾಗಿಲು ಧಡಾರನೆ ಮುಚ್ಚಿಕೊಳ್ಳುತ್ತವೆ. 'ಅಲ್ನೋಡು, ಅಲ್ನೋಡು' ಎನ್ನುತ್ತಾ ಮಕ್ಕಳು ನೀರಿನ ಕಡೆ ಓಡುತ್ತಾರೆ. ಅಂಚಿನಲ್ಲಿ ಮೇಯುತ್ತಿದ್ದ ಬಾತುಗಳೆಲ್ಲ ಒಮ್ಮೆಲೇ ಎದ್ದು ಕೆರೆಯ ಆಚೆ ದಡ ಸೇರುತ್ತವೆ. ಹತ್ತು ನಿಮಿಷ ಕಾದು, ಮೊಬೈಲ್‌ನಲ್ಲಿ ಚುಕ್ಕೆಯಂತೆ ಕಾಣುವ ಒಂದು ಫೋಟೋ ತೆಗೆದು, 'ಇಲ್ಲಿ ಏನೂ ಇಲ್ಲ' ಎಂದು ಕುಟುಂಬ ವಾಪಸ್ಸಾಗುತ್ತದೆ.

ಕೆರೆಯಲ್ಲಿ ಎಲ್ಲವೂ ಇತ್ತು. ಬಂದವರು ಹತ್ತಿರ ಹೋದದ್ದೇ ತಪ್ಪಾಯಿತು.

ನವೆಂಬರ್‌ನಿಂದ ಫೆಬ್ರವರಿವರೆಗೆ ಹಕ್ಕಿ, ಪ್ರಾಣಿಗಳನ್ನು ನೋಡಲು ದಟ್ಟ ಕಾಡಿನ ಸಫಾರಿಯೇ ಆಗಬೇಕೆಂದಿಲ್ಲ. ಕೆರೆ, ಹಿನ್ನೀರು, ಕಟಾವಾದ ಹೊಲ, ಹುಲ್ಲುಗಾವಲು, ನದಿಯ ಮರಳು ದಿಬ್ಬ ಸಾಕು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ಕನ್ನಡಿಗರಿಗೆ ಇಂತಹ ಜಾಗಗಳು ಅರ್ಧ ದಿನದ ಪ್ರಯಾಣದೊಳಗೇ ಇವೆ. ಅಲ್ಲಿಗೆ ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಚಳಿಗಾಲವೇ ಏಕೆ?

ಮೊದಲ ಕಾರಣ ವಲಸೆ. ಉತ್ತರದ ಸೈಬೀರಿಯಾ, ಮಂಗೋಲಿಯಾ, ಟಿಬೆಟ್, ಮಧ್ಯ ಏಷ್ಯಾದಲ್ಲಿ ನೀರು ಹೆಪ್ಪುಗಟ್ಟಿದಾಗ ಅಲ್ಲಿನ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ಅವು ಹಿಡಿಯುವ ದಾರಿಗೆ ಸೆಂಟ್ರಲ್ ಏಷ್ಯನ್ ಫ್ಲೈವೇ ಎಂದು ಹೆಸರು. ಉತ್ತರ ಧ್ರುವದ ಅಂಚಿನಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 30 ದೇಶಗಳನ್ನು ಹಾದುಹೋಗುವ ಈ ದಾರಿಯ ನಡುವೆ ಭಾರತವಿದೆ.

ಈ ಪ್ರಯಾಣ ಎಂಥದ್ದು ಎನ್ನುವುದಕ್ಕೆ ಪಟ್ಟೆತಲೆ ಹೆಬ್ಬಾತು ಒಳ್ಳೆಯ ಉದಾಹರಣೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುವ ಈ ಹಕ್ಕಿ ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಕರ್ನಾಟಕದವರೆಗೂ ಬರುತ್ತದೆ. ಉಪಕರಣ ಕಟ್ಟಿ ಬಿಟ್ಟ ಹೆಬ್ಬಾತುಗಳು 7,000 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ಎರಡನೆಯ ಕಾರಣ ನೀರು. ಮಳೆಗಾಲದಲ್ಲಿ ತುಂಬಿದ ಕೆರೆ, ಹಿನ್ನೀರು ಚಳಿಗಾಲದಲ್ಲಿ ನಿಧಾನವಾಗಿ ಇಳಿಯುತ್ತದೆ. ಅಂಚಿನ ಕೆಸರು ತೆರೆದುಕೊಂಡು ಹುಳು, ಬಸವನಹುಳು, ಮೀನುಮರಿಗಳು ಹಕ್ಕಿಗಳಿಗೆ ಸುಲಭವಾಗಿ ಸಿಗುತ್ತವೆ. ಮೂರನೆಯದು ಬಯಲು. ಜೋಳ, ಭತ್ತ, ಶೇಂಗಾ ಕಟಾವಾದ ಹೊಲದಲ್ಲಿ ದೂರದವರೆಗೆ ಕಣ್ಣು ಹಾಯಿಸಬಹುದು. ಎಲೆ ಉದುರಿಸುವ ಮರಗಳು ಬೋಳಾಗುತ್ತಿದ್ದಂತೆ ಕೊಂಬೆಯ ಮೇಲೆ ಕೂತ ಗಿಡುಗ, ಗೂಬೆ ಸಲೀಸಾಗಿ ಕಾಣಸಿಗುತ್ತವೆ.

ಯಾವ ಹೊತ್ತಿಗೆ ಏನು ಕಾಣುತ್ತದೆ?

ಹಕ್ಕಿ ನೋಡಬೇಕೆಂದರೆ ನಸುಕಿನಲ್ಲೇ ಏಳಬೇಕು ಎಂಬುದು ಅರ್ಧ ಸತ್ಯ. ಚಳಿಗಾಲದಲ್ಲಿ ದಿನದ ಒಂದೊಂದು ಹೊತ್ತಿಗೆ ಒಂದೊಂದು ಜೀವಿ ಹೊರಬರುತ್ತದೆ.

ಬೆಳಗ್ಗೆ 6.30ರಿಂದ 9: ರಾತ್ರಿಯೆಲ್ಲ ಚಳಿಯಲ್ಲಿ ಕಳೆದ ಸಣ್ಣ ಹಕ್ಕಿಗಳಿಗೆ ಹಸಿವು. ಸಿಪಿಲೆ, ಕಳ್ಳಿಪೀರ, ಕಾಜಾಣ, ಗದ್ದೆಗೊರವಗಳು ಚುರುಕಾಗಿರುತ್ತವೆ. ನರಿ, ಮೊಲ, ಕೃಷ್ಣಮೃಗ ಬಯಲಲ್ಲಿ ಸಿಗುವ ಸಾಧ್ಯತೆಯೂ ಹೆಚ್ಚು.

9ರಿಂದ 11: ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದಾಗ ಹದ್ದು, ಗಿಡುಗಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತವೆ. ಬೇಟೆಗಾರ ಹಕ್ಕಿ ನೋಡಲು ಇದೇ ಸರಿಯಾದ ಸಮಯ. ದೆಹಲಿ ಸುತ್ತಮುತ್ತ ಮಂಜು ಕರಗುವುದೂ ಬಹುತೇಕ ಇದೇ ಹೊತ್ತಿಗೆ.

11ರಿಂದ 3: ಮೊಸಳೆ, ಆಮೆಗಳ ಸಮಯ. ಇವುಗಳ ಮೈ ತನ್ನಷ್ಟಕ್ಕೆ ಬಿಸಿಯಾಗುವುದಿಲ್ಲ. ಚಳಿಗಾಲದ ನದಿ ತಣ್ಣಗಿರುವುದರಿಂದ ದಡಕ್ಕೆ ಬಂದು ಗಂಟೆಗಟ್ಟಲೆ ಬಿಸಿಲು ಕಾಯಿಸುತ್ತವೆ. ಬೇಗ ಏಳಲಾಗದವರಿಗೆ ಇದು ಒಳ್ಳೆಯ ಅವಕಾಶ.

4ರಿಂದ ಸೂರ್ಯಾಸ್ತ: ಕೊಕ್ಕರೆ, ಕೆಂಬರಲು, ಬೆಳ್ಳಕ್ಕಿಗಳು ಸಾಲುಸಾಲಾಗಿ ರಾತ್ರಿ ತಂಗುವ ಮರಗಳಿಗೆ ಮರಳುತ್ತವೆ. ಕೆರೆಯ ನಡುವೆ ಹಗಲು ಕಳೆದ ಹೆಬ್ಬಾತುಗಳು ಮೇವಿಗಾಗಿ ಹೊಲಗಳ ಕಡೆ ಹೊರಡುತ್ತವೆ.

ಎಷ್ಟು ದೂರ ನಿಲ್ಲಬೇಕು?

ಇದಕ್ಕೆ ಇಷ್ಟೇ ಮೀಟರ್ ಎಂಬ ಲೆಕ್ಕವಿಲ್ಲ. ಎಷ್ಟು ದೂರ ಎಂಬುದನ್ನು ಹಕ್ಕಿಯೇ ಹೇಳುತ್ತದೆ.

ನೆಮ್ಮದಿಯಾಗಿರುವ ಹಕ್ಕಿ ಮೇಯುತ್ತದೆ, ಪುಕ್ಕ ನೇವರಿಸಿಕೊಳ್ಳುತ್ತದೆ, ಕೊಕ್ಕನ್ನು ಬೆನ್ನಿನ ಗರಿಯೊಳಗಿಟ್ಟು ನಿದ್ದೆ ಮಾಡುತ್ತದೆ. ನೀವು ಹತ್ತಿರವಾದಂತೆ ಮೊದಲು ಮೇಯುವುದು ನಿಲ್ಲುತ್ತದೆ. ಆಮೇಲೆ ಕುತ್ತಿಗೆ ನೇರವಾಗುತ್ತದೆ. ನಂತರ ಗುಂಪಿನ ಹಕ್ಕಿಗಳು ಒತ್ತಾಗಿ ಸೇರಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಮೆಲ್ಲಗೆ ಸರಿಯತೊಡಗುತ್ತವೆ. ಅದರ ನಂತರದ್ದು ಹಾರಾಟ.

ಗುಂಪಿನಲ್ಲಿ ಒಂದೆರಡು ಹಕ್ಕಿ ತಲೆ ಎತ್ತಿದ ಕೂಡಲೇ ನಿಂತುಬಿಡಿ. ಮತ್ತೆ ಮೇಯಲು ತೊಡಗದಿದ್ದರೆ ಹತ್ತು ಹೆಜ್ಜೆ ಹಿಂದೆ ಸರಿಯಿರಿ. ಅಲ್ಲೇ ಕೂತು ಕಾಲು ಗಂಟೆ ಕಾದರೆ ಅನೇಕ ಬಾರಿ ಹಕ್ಕಿಗಳೇ ನಿಮ್ಮ ಕಡೆ ಮೇಯುತ್ತಾ ಬರುತ್ತವೆ. ಕೃಷ್ಣಮೃಗ, ಚಿಂಕಾರಗಳಿಗೂ ಇದೇ ನಿಯಮ. ಮೇವು ಬಿಟ್ಟು ನಿಮ್ಮನ್ನೇ ದಿಟ್ಟಿಸುತ್ತಿವೆ ಎಂದರೆ ನೀವು ಆಗಲೇ ಗಡಿ ದಾಟಿದ್ದೀರಿ.

'ಹಾರಿದರೆ ಏನಾಯಿತು, ಮತ್ತೆ ಕೂರುತ್ತವಲ್ಲ' ಎನ್ನುವವರಿದ್ದಾರೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಇಲ್ಲಿರುವುದು ನಾಲ್ಕೇ ತಿಂಗಳು. ಆ ಅವಧಿಯಲ್ಲಿ ಕರಗಿದ ಕೊಬ್ಬನ್ನು ಮತ್ತೆ ತುಂಬಿಕೊಂಡು, ಮಾರ್ಚ್ ಹೊತ್ತಿಗೆ ವಾಪಸು ಪ್ರಯಾಣಕ್ಕೂ ಅಲ್ಲಿ ಮರಿ ಮಾಡುವುದಕ್ಕೂ ಸಿದ್ಧವಾಗಬೇಕು. ಒಮ್ಮೆ ಎಬ್ಬಿಸಿದರೆ ಮೇಯುವ ಸಮಯವೂ ಹೋಯಿತು, ಕೂಡಿಟ್ಟ ಶಕ್ತಿಯೂ ಖರ್ಚಾಯಿತು. ಭಾನುವಾರವೊಂದಕ್ಕೆ ಹತ್ತು ಗುಂಪುಗಳು ಬಂದು ಹತ್ತು ಸಲ ಎಬ್ಬಿಸಿದರೆ ಆ ಹಕ್ಕಿಯ ದಿನದ ದುಡಿಮೆಯೇ ನಷ್ಟ. ಕಾಟ ಹೆಚ್ಚಾದ ಕೆರೆಯನ್ನು ಹಕ್ಕಿಗಳು ಬಿಟ್ಟೇ ಹೋಗಬಹುದು.

ದೋಣಿಯಲ್ಲಿ ಹೋಗುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ರಾಜಹಂಸಗಳ ಗುಂಪು ರೆಕ್ಕೆ ಬಿಚ್ಚಿದಾಗ ಕಾಣುವ ಗುಲಾಬಿ ಬಣ್ಣಕ್ಕಾಗಿ 'ಸ್ವಲ್ಪ ಹತ್ತಿರ ಹೊಡೀರಿ, ಹಾರಲಿ' ಎಂದು ದೋಣಿಯವರನ್ನು ಒತ್ತಾಯಿಸುವ ಪ್ರವಾಸಿಗರಿದ್ದಾರೆ. ದೋಣಿಯವರ ಜೀವನ ನಡೆಯುವುದು ಆ ಹಕ್ಕಿಗಳು ಅಲ್ಲಿರುವುದರಿಂದ. 'ಇಲ್ಲೇ ನಿಲ್ಲಿಸಿ, ಸಾಕು' ಎಂದು ಪ್ರವಾಸಿಗರೇ ಹೇಳಿದರೆ ಅವರಿಗೂ ಅನುಕೂಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಕಾಡುಪ್ರಾಣಿಯನ್ನು ಬೆನ್ನಟ್ಟುವುದು, ಅಟ್ಟಿ ಓಡಿಸುವುದು, ಆಮಿಷವೊಡ್ಡಿ ಕರೆಯುವುದು, ಅದಕ್ಕೆ ಪ್ರಯತ್ನಿಸುವುದು, ಹಕ್ಕಿಯ ಗೂಡು ಅಥವಾ ಮೊಟ್ಟೆಗೆ ಅಡ್ಡಿಪಡಿಸುವುದು ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ರೀಲ್ಸ್‌ಗಾಗಿ ಜೀಪಿನಲ್ಲಿ ಕೃಷ್ಣಮೃಗದ ಹಿಂದೆ ಓಡುವುದು ಬರೀ ತಮಾಷೆಯಾಗಿ ಉಳಿಯುವುದಿಲ್ಲ.

ಕೈಯಲ್ಲಿ ಏನಿರಬೇಕು?

- ದುರ್ಬೀನು: ಹೊಸಬರಿಗೆ 8x42 ಸೂಕ್ತ. 8 ಎಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದರ್ಥ. 42 ಎಂಬುದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಅಗಲ ಹೆಚ್ಚಿದ್ದರೆ ನಸುಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. 12 ಪಟ್ಟು, 20 ಪಟ್ಟು ಎಂಬ ಜಾಹೀರಾತಿಗೆ ಮರುಳಾಗಬೇಡಿ, ಕೈ ನಡುಗಿದರೆ ಏನೂ ಕಾಣುವುದಿಲ್ಲ. ದುರ್ಬೀನಿನಿಂದ ಸೂರ್ಯನನ್ನು ನೋಡಲೇಬಾರದು.
- ಬಟ್ಟೆ: ಮಣ್ಣು, ಬೂದು, ಮಾಸಲು ಹಸಿರು ಬಣ್ಣದ್ದು. ಬಿಳಿ, ಕೆಂಪು, ಹೊಳೆಯುವ ಜಾಕೆಟ್ ಬೇಡ. ಬಿಸಿಲೇರಿದಾಗ ಒಂದೊಂದಾಗಿ ತೆಗೆಯುವಂತೆ ಪದರ ಪದರವಾಗಿ ಹಾಕಿಕೊಳ್ಳಿ.
- ನೋಟ್‌ಬುಕ್, ಪೆನ್ಸಿಲ್, ನೀರು, ಟೋಪಿ.
- ಪುಸ್ತಕ ಅಥವಾ ಆ್ಯಪ್: ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ 'ಹಕ್ಕಿಪುಕ್ಕ' ಕನ್ನಡದಲ್ಲೇ ಹಕ್ಕಿ ಗುರುತಿಸಲು ಕಲಿಸುವ ಪುಸ್ತಕ. ಮೊಬೈಲ್‌ನಲ್ಲಿ ಮರ್ಲಿನ್ ಆ್ಯಪ್ ಫೋಟೋ ಮತ್ತು ಕೂಗಿನಿಂದ ಹಕ್ಕಿ ಗುರುತಿಸಲು ನೆರವಾಗುತ್ತದೆ. ಆದರೆ ಧ್ವನಿಮುದ್ರಿತ ಕೂಗನ್ನು ಹಾಕಿ ಹಕ್ಕಿಯನ್ನು ಕರೆಯಬೇಡಿ. ತನ್ನ ಜಾಗಕ್ಕೆ ಬೇರೊಂದು ಹಕ್ಕಿ ಬಂತೆಂದು ಅದು ಮೇವು ಬಿಟ್ಟು ಜಗಳಕ್ಕೆ ಸಿದ್ಧವಾಗುತ್ತದೆ.

ಕಾರಿದ್ದರೆ ಅದರಲ್ಲೇ ಕೂತಿರಿ. ನಿಂತಿರುವ ಮನುಷ್ಯನಿಗೆ ಹೆದರುವಷ್ಟು ಹಕ್ಕಿಗಳು ನಿಂತ ವಾಹನಕ್ಕೆ ಹೆದರುವುದಿಲ್ಲ. ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ, ಬಾಗಿಲು ತೆರೆಯದೆ ನೋಡಬಹುದು.

ಹಕ್ಕಿಯನ್ನು ಗುರುತಿಸುವುದು ಹೇಗೆ?

ಹೆಚ್ಚಿನವರು ಮೊದಲು ಬಣ್ಣ ನೋಡುತ್ತಾರೆ. ಬಣ್ಣ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಹೀಗಾಗಿ ಈ ಕ್ರಮ ಒಳ್ಳೆಯದು.

ಮೊದಲು ಗಾತ್ರ: ಗುಬ್ಬಿಗಿಂತ ದೊಡ್ಡದೇ, ಮೈನಾದಷ್ಟೇ, ಕಾಗೆಯಷ್ಟೇ? ನಂತರ ಕೊಕ್ಕು: ಚಪ್ಪಟೆಯೇ, ಬಾಗಿದ್ದೇ, ಸೂಜಿಯಂತಿದೆಯೇ? ಚಮಚದಂಥ ಕೊಕ್ಕು ನೀರನ್ನು ಕಲಕಿ ಶೋಧಿಸಲು, ಉದ್ದ ಬಾಗಿದ ಕೊಕ್ಕು ಕೆಸರಿನೊಳಗೆ ಹುಡುಕಲು. ಆಮೇಲೆ ನಡವಳಿಕೆ: ಬಾಲ ಕುಣಿಸುತ್ತಾ ಓಡಾಡುವುದು ಸಿಪಿಲೆ. ತಂತಿಯಿಂದ ಹಾರಿ ಗಾಳಿಯಲ್ಲೇ ಹುಳು ಹಿಡಿದು ಅದೇ ಜಾಗಕ್ಕೆ ಮರಳುವುದು ಕಳ್ಳಿಪೀರ ಅಥವಾ ಕಾಜಾಣ. ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲಿ ನಿಂತಂತೆ ಕಂಡರೆ ಚಾಣ. ನೆಲದ ಮೇಲೆ ಒಂದೆರಡು ಆಳೆತ್ತರದಲ್ಲಿ ತೇಲುತ್ತಾ ಹೊಲವಿಡೀ ಜಾಲಾಡುವುದು ಸೆಳೆವ, ಅಂದರೆ ಹ್ಯಾರಿಯರ್. ಬಣ್ಣ ನೋಡುವುದು ಕೊನೆಗೆ.

ಕಾವ್ಯಗಳಲ್ಲಿ ಹೆಸರಾದ ಚಕ್ರವಾಕ ಪಕ್ಷಿಯೂ ಚಳಿಗಾಲದ ಅತಿಥಿಯೇ. ಕಿತ್ತಳೆ ಬಣ್ಣದ ಮೈ, ತಿಳಿ ಬಣ್ಣದ ತಲೆಯ ಜೋಡಿ ಬಾತುಗಳು ನದಿಯ ಮರಳಿನ ಮೇಲೆ ಕಂಡರೆ ಅವೇ ಚಕ್ರವಾಕ. ಇಂದಿನ ಪಟ್ಟಿಗಳಲ್ಲಿ ಅದರ ಹೆಸರು ಬ್ರಾಹ್ಮಿಣಿ ಬಾತು ಅಥವಾ ರಡ್ಡಿ ಶೆಲ್‌ಡಕ್.

ಪ್ರಾಣಿ ಕಾಣದಿದ್ದರೂ ಗುರುತು ಸಿಗುತ್ತದೆ

ನರಿ, ತೋಳ, ಕಾಡುಬೆಕ್ಕುಗಳು ಹೆಚ್ಚಾಗಿ ಓಡಾಡುವುದು ಮುಸ್ಸಂಜೆ ಮತ್ತು ರಾತ್ರಿ. ಬೆಳಗಿನ ಇಬ್ಬನಿಗೆ ಹದವಾದ ಮಣ್ಣಿನ ಬಂಡಿದಾರಿಯಲ್ಲಿ ಅವುಗಳ ಹೆಜ್ಜೆ ಮೂಡಿರುತ್ತದೆ. ಬೆರಳುಗಳ ಮುಂದೆ ಉಗುರಿನ ಗುರುತು ಇದ್ದರೆ ನಾಯಿ, ನರಿ, ತೋಳದ ಜಾತಿ. ಬೆಕ್ಕಿನ ಜಾತಿಯವು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಗುರುತು ಬೀಳುವುದಿಲ್ಲ. ಬಯಲಿನ ಒಂದೇ ಜಾಗದಲ್ಲಿ ಹಿಕ್ಕೆಯ ರಾಶಿ ಕಂಡರೆ ಅದು ಕೃಷ್ಣಮೃಗದ್ದಿರಬಹುದು, ಗಂಡುಗಳು ಹೀಗೆ ತಮ್ಮ ಜಾಗವನ್ನು ಗುರುತು ಮಾಡುತ್ತವೆ.

ಕಿವಿಯೂ ಕೆಲಸ ಮಾಡಲಿ. ಟಿಟ್ಟಿಭ ಹಕ್ಕಿ ಕಿರುಚುತ್ತಾ ಮೇಲೆದ್ದರೆ ಹತ್ತಿರದಲ್ಲಿ ನಾಯಿಯೋ ನರಿಯೋ ಮನುಷ್ಯನೋ ಇದ್ದಾರೆ. ಹರಟೆಮಲ್ಲಗಳು ಪೊದೆಯ ಸುತ್ತ ಸೇರಿ ಗದ್ದಲ ಎಬ್ಬಿಸಿದರೆ ಒಳಗೆ ಹಾವೋ ಗೂಬೆಯೋ ಇರಬಹುದು.

ನಿಮ್ಮ ಊರಿನ ಹತ್ತಿರ ಎಲ್ಲಿ?

ಈ ಪಟ್ಟಿಯಲ್ಲಿ ಬರುವ 'ರಾಮ್ಸಾರ್ ತಾಣ' ಎಂದರೆ, 1971ರಲ್ಲಿ ಇರಾನ್‌ನ ರಾಮ್ಸಾರ್ ನಗರದಲ್ಲಿ ಆದ ಒಪ್ಪಂದದ ಪ್ರಕಾರ ಅಂತಾರಾಷ್ಟ್ರೀಯ ಮಹತ್ವ ಪಡೆದ ಜೌಗು ಪ್ರದೇಶ. ಯಾವುದೇ ಜಾಗಕ್ಕೆ ಹೊರಡುವ ಮುನ್ನ ವಾರದ ರಜೆ, ತೆರೆಯುವ ಸಮಯ ವಿಚಾರಿಸಿಕೊಳ್ಳಿ.

ಮುಂಬೈ: ಥಾಣೆ ಖಾರಿಯ ರಾಜಹಂಸ ಅಭಯಾರಣ್ಯ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಐರೋಲಿಯ ಜೀವವೈವಿಧ್ಯ ಕೇಂದ್ರದಿಂದ ದೋಣಿ ವ್ಯವಸ್ಥೆ ಇದೆ. ಹೊರಡುವ ಮೊದಲು ಸಮುದ್ರದ ಉಬ್ಬರ ಇಳಿತದ ಸಮಯ ನೋಡಿ. ನೀರು ಇಳಿದು ಕೆಸರು ತೆರೆದುಕೊಂಡಾಗ ರಾಜಹಂಸಗಳು ಮೇಯುತ್ತವೆ, ಉಬ್ಬರದ ಹೊತ್ತಿಗೆ ಸುತ್ತಲಿನ ಜೌಗು ಕೊಳಗಳಿಗೆ ಸರಿಯುತ್ತವೆ.

ಪುಣೆ: ಸೋಲಾಪುರ ಹೆದ್ದಾರಿಯಲ್ಲಿ ಸುಮಾರು 100 ಕಿ.ಮೀ. ದೂರದ ಭಿಗವಣ. ಇದು ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರು. ವಿಜಯಪುರ, ಕಲಬುರಗಿ ಕಡೆ ಊರಿಗೆ ಹೋಗುವ ಕನ್ನಡಿಗರು ಇದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಇದೇ ಭೀಮೆ ಮುಂದೆ ಆ ಜಿಲ್ಲೆಗಳಿಗೂ ಹರಿಯುತ್ತಾಳೆ. ಕುಂಭಾರಗಾಂವ್, ಡಿಕ್ಸಳ ಹಳ್ಳಿಗಳಲ್ಲಿ ಸ್ಥಳೀಯರ ದೋಣಿಗಳಿವೆ. ನೀರು ಇಳಿಯುವ ಜನವರಿಯಿಂದ ಮಾರ್ಚ್‌ವರೆಗೆ ರಾಜಹಂಸ, ಬಣ್ಣದ ಕೊಕ್ಕರೆ, ಬಾತುಗಳು ಚೆನ್ನಾಗಿ ಕಾಣುತ್ತವೆ. ಬಯಲು ಸೀಮೆಯ ಪ್ರಾಣಿ ನೋಡುವ ಆಸೆಯಿದ್ದರೆ ಬಾರಾಮತಿ ತಾಲ್ಲೂಕಿನ ಸುಪೆ ಬಳಿಯ ಮಯೂರೇಶ್ವರ ಅಭಯಾರಣ್ಯದಲ್ಲಿ ಚಿಂಕಾರಗಳಿವೆ.

ಚೆನ್ನೈ: ಇಲ್ಲಿ ಮಳೆ ಡಿಸೆಂಬರ್‌ವರೆಗೂ ಇರುವುದರಿಂದ ಜನವರಿ, ಫೆಬ್ರವರಿ ಹೆಚ್ಚು ಅನುಕೂಲ. ನಗರದೊಳಗೇ ಇರುವ ಪಳ್ಳಿಕರಣೈ ಜೌಗು ಪ್ರದೇಶ 2022ರಿಂದ ರಾಮ್ಸಾರ್ ತಾಣ. ದಕ್ಷಿಣಕ್ಕೆ ಸುಮಾರು 80 ಕಿ.ಮೀ. ದೂರದ ವೇಡಂತಾಂಗಲ್ ಕೆರೆಯಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. ಗೂಡಿಗೆ ತೊಂದರೆಯಾಗಬಾರದೆಂದು ಅಲ್ಲಿನ ಹಳ್ಳಿಗರು ಪಟಾಕಿ ಹೊಡೆಯುವುದಿಲ್ಲ. ಉತ್ತರಕ್ಕೆ ಪುಲಿಕಾಟ್ ಸರೋವರವಿದೆ. ಆಂಧ್ರದ ಸುಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆಯಿಂದಲೇ ರಾಜಹಂಸಗಳನ್ನು ನೋಡಬಹುದು. ಹತ್ತಿರದ ನೇಲಪಟ್ಟುವಿನಲ್ಲಿ ಹೆಜ್ಜಾರ್ಲೆಗಳು ಗೂಡು ಮಾಡುತ್ತವೆ.

ಹೈದರಾಬಾದ್: ನಗರದಂಚಿನ ಅಮೀನ್‌ಪುರ ಕೆರೆ 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಗಿದೆ. ಸಂಗಾರೆಡ್ಡಿ ಬಳಿಯ ಮಂಜೀರಾ ಅಭಯಾರಣ್ಯದಲ್ಲಿ ಬಿಸಿಲು ಕಾಯಿಸುವ ಮೊಸಳೆಗಳನ್ನು ಮಧ್ಯಾಹ್ನ ನೋಡಬಹುದು. ಇದೇ ಮಂಜೀರಾ ನದಿ ಬೀದರ್ ಜಿಲ್ಲೆಯಲ್ಲೂ ಹರಿಯುತ್ತದೆ. ಬೀದರ್ ಸುತ್ತಲಿನ ಹೊಲಗಳಲ್ಲಿ ಕೃಷ್ಣಮೃಗಗಳಿವೆ. ಅವುಗಳನ್ನು ರಸ್ತೆಯಿಂದಲೇ ನೋಡಿ, ಬೆಳೆದ ಹೊಲದೊಳಗೆ ಕಾಲಿಡಬೇಡಿ.

ದೆಹಲಿ: ಗುರುಗ್ರಾಮ ಜಿಲ್ಲೆಯ ಸುಲ್ತಾನ್‌ಪುರ ರಾಷ್ಟ್ರೀಯ ಉದ್ಯಾನ 2021ರಿಂದ ರಾಮ್ಸಾರ್ ತಾಣ. ನೀಲಗಾಯಿ ಮತ್ತು ವಲಸೆ ಬಾತುಗಳು ಒಟ್ಟಿಗೇ ಸಿಗುತ್ತವೆ. ಯಮುನೆಯ ಓಖ್ಲಾ ಪಕ್ಷಿಧಾಮ ಇನ್ನೂ ಹತ್ತಿರ. ಎರಡು ದಿನ ಬಿಡುವಿದ್ದರೆ 1985ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಭರತ್‌ಪುರದ ಕೇವಲಾದೇವ್ ಉದ್ಯಾನಕ್ಕೆ ಹೋಗಬಹುದು. ಅಲ್ಲಿನ ಸೈಕಲ್ ರಿಕ್ಷಾದವರು ಹಕ್ಕಿಗಳನ್ನು ಚೆನ್ನಾಗಿ ಬಲ್ಲವರು. ಹಿಂದೆ ಚಳಿಗಾಲಕ್ಕೆ ಸೈಬೀರಿಯಾದ ಬಿಳಿ ಕ್ರೌಂಚಗಳು ಅಲ್ಲಿಗೆ ಬರುತ್ತಿದ್ದವು, 2002ರ ನಂತರ ಬಂದಿಲ್ಲ. ಬಂದು ಹೋಗುವ ಹಕ್ಕಿ ಮತ್ತೆ ಬಂದೇ ಬರುತ್ತದೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆಗ್ರಾ ಕಡೆಯಿಂದ ಹೋಗಬಹುದಾದ ಚಂಬಲ್ ನದಿಯಲ್ಲಿ ಉದ್ದ ಮೂತಿಯ ಘರಿಯಲ್ ಮೊಸಳೆಗಳು ಮರಳಿನ ಮೇಲೆ ಮಲಗಿರುತ್ತವೆ. ದೆಹಲಿಯ ಘಾಟ್‌ಗಳಲ್ಲಿ ಕಡಲಕ್ಕಿಗಳಿಗೆ ಸೇವ್, ಖಾರ ಎರಚುವ ರೂಢಿಯಿದೆ. ಎಣ್ಣೆಯಲ್ಲಿ ಕರಿದ ತಿಂಡಿ ಹಕ್ಕಿಗಳ ಆಹಾರವಲ್ಲ.

ಸಂಕ್ರಾಂತಿಗೆ ಊರಿಗೆ ಬಂದರೆ: ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರುವಾಸಿ. ಗದಗದಿಂದ ಸುಮಾರು 26 ಕಿ.ಮೀ. ಇದು ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿವೆ. ಹಂಪಿಗೆ ಹೋದವರು ಮಧ್ಯಾಹ್ನದ ನಂತರ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ಬಂಡೆಗಳಿಂದ ಇಳಿದುಬರುವ ಕರಡಿಗಳನ್ನು ನೋಡಬಹುದು. ಅಲ್ಲೇ ಹರಿಯುವ ತುಂಗಭದ್ರೆಯ 34 ಕಿ.ಮೀ. ಭಾಗ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಮರಗಳಲ್ಲೇ ಗೂಡು ಕಟ್ಟುತ್ತವೆ.

'ಬೀಳು ಭೂಮಿ'ಯಲ್ಲಿ ಯಾರಿದ್ದಾರೆ?

ಕೆರೆಗೆ ಪಕ್ಷಿಧಾಮವೆಂಬ ಹೆಸರು ಸಿಗುತ್ತದೆ, ಬೋರ್ಡು ಬರುತ್ತದೆ. ಹುಲ್ಲುಗಾವಲಿಗೆ ಅಂತಹ ಗೌರವ ಅಪರೂಪ. ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಗಿಡ ಇರುವ ಅನೇಕ ಬಯಲುಗಳು ಸರ್ಕಾರಿ ದಾಖಲೆಗಳಲ್ಲಿ 'ಬೀಳು ಭೂಮಿ'. ಹೀಗಾಗಿ ಲೇಔಟ್, ಸೋಲಾರ್ ಪಾರ್ಕ್, ನೆಡುತೋಪು ಯಾವುದಕ್ಕಾದರೂ ಕೊಡಲು ಮೊದಲು ಕಣ್ಣಿಗೆ ಬೀಳುವುದು ಇದೇ ಜಾಗ.

ಚಳಿಗಾಲದ ಒಂದು ಸಂಜೆ ಅದರ ಅಂಚಿನಲ್ಲಿ ನಿಂತರೆ ಚಿತ್ರ ಬೇರೆಯೇ. ಮಧ್ಯ ಏಷ್ಯಾದಿಂದ ಬಂದ ಸೆಳೆವಗಳು ರಾತ್ರಿ ಮಲಗುವುದು ಮರದಲ್ಲಲ್ಲ, ಇದೇ ಹುಲ್ಲಿನೊಳಗೆ, ನೆಲದ ಮೇಲೆ. ಹಗಲಲ್ಲಿ ಅವು ಹೊಲಗಳ ಮಿಡತೆ, ಇಲಿಗಳನ್ನು ತಿನ್ನುತ್ತವೆ. ತೋಳಗಳು ಮರಿ ಹಾಕಿ ಸಾಕುವ ಕಾಲವೂ ಹೆಚ್ಚಾಗಿ ಚಳಿಗಾಲವೇ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಅಭಯಾರಣ್ಯವಾಗಿರುವುದು ಈ ನಿಟ್ಟಿನಲ್ಲಿ ದೊಡ್ಡ ಹೆಜ್ಜೆ. ಹುಲ್ಲಿಗೆ ಬೆಂಕಿ ಬಿದ್ದರೆ, ಜೀಪು ಹತ್ತಿದರೆ, ಬಿಲದ ಬಳಿ ಜನ ಸೇರಿದರೆ ಇವೆಲ್ಲಕ್ಕೂ ಮನೆ ಹೋದಂತೆ.

ಬಯಲಿಗೆ ಹೋದವರು ಬಂಡಿದಾರಿ ಬಿಟ್ಟು ಇಳಿಯಬಾರದು. ತೋಳದ ಬಿಲ, ಗೂಬೆಯ ಪೊಟರೆ, ಸೆಳೆವಗಳು ಮಲಗುವ ಜಾಗದ ಲೊಕೇಶನ್ ಅನ್ನು ಜಾಲತಾಣಗಳಲ್ಲಿ ಹಾಕಬೇಡಿ. ಒಂದು ಪೋಸ್ಟ್ ಸಾಕು, ಮುಂದಿನ ಭಾನುವಾರ ಐವತ್ತು ಕ್ಯಾಮೆರಾಗಳು ಅಲ್ಲಿರುತ್ತವೆ.

ಸುರಕ್ಷತೆ ಮರೆಯಬೇಡಿ

ಕಬ್ಬು ಕಟಾವಿನ ಕಾಲವೂ ಇದೇ. ಪುಣೆ ಜಿಲ್ಲೆಯ ಜುನ್ನರ, ಅಂಬೇಗಾಂವ್, ಶಿರೂರು ಭಾಗದಲ್ಲಿ ಚಿರತೆಗಳು ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತವೆ. ಮಂಡ್ಯ, ಮೈಸೂರು ಕಡೆಯೂ ಕಟಾವಿನ ವೇಳೆ ಮರಿಗಳು ಸಿಕ್ಕಿವೆ. ಇಂತಹ ಕಡೆ ನಸುಕು, ಮುಸ್ಸಂಜೆಯಲ್ಲಿ ಕಾಲ್ನಡಿಗೆ ಬೇಡ, ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ. ಚಿರತೆ ಮರಿ ಕಂಡರೆ ಮುಟ್ಟದೆ, ಸೆಲ್ಫಿ ತೆಗೆಯದೆ ಹಿಂದೆ ಬಂದು ಅರಣ್ಯ ಇಲಾಖೆಗೆ ತಿಳಿಸಿ. ತಾಯಿ ಹತ್ತಿರದಲ್ಲೇ ಇರುತ್ತದೆ.

ಮೊಸಳೆ ಇರುವ ನೀರಿನ ಅಂಚಿನಲ್ಲಿ ಕೂರಬೇಡಿ, ಕೈಕಾಲು ತೊಳೆಯಬೇಡಿ. ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಲೇಬೇಡಿ. ಉತ್ತರ ಭಾರತದಲ್ಲಿ ದಟ್ಟ ಮಂಜಿರುವಾಗ ಹೆದ್ದಾರಿಗೆ ಇಳಿಯುವ ಬದಲು ಎರಡು ಗಂಟೆ ತಡವಾಗಿ ಹೊರಡುವುದೇ ಮೇಲು. ಹೊಲಗಳೆಲ್ಲ ಯಾರದೋ ದುಡಿಮೆ. ರೈತರು ಕಂಡರೆ ಕೇಳಿ ಒಳಹೋಗಿ. ಯಾವ ಹಕ್ಕಿ ಯಾವಾಗ ಬರುತ್ತದೆ ಎಂಬುದು ಅನೇಕ ಸಲ ಆ್ಯಪ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಗಾಯಗೊಂಡ ಹಕ್ಕಿ ಸಿಕ್ಕರೆ?

ಜನವರಿಯಲ್ಲಿ ಗಾಳಿಪಟದ ದಾರಕ್ಕೆ ಸಿಕ್ಕಿ ಹಕ್ಕಿಗಳು ಗಾಯಗೊಳ್ಳುವುದು ಹೆಚ್ಚು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಗಾಯಗೊಂಡ ಹಕ್ಕಿ ಕಂಡರೆ ಮೆತ್ತನೆಯ ಬಟ್ಟೆ ಹೊದಿಸಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು, ಕತ್ತಲೆಯ ಶಾಂತ ಜಾಗದಲ್ಲಿಡಿ. ಬಾಯಿಗೆ ನೀರು, ಹಾಲು ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ಚರ್ಮದೊಳಗೆ ಹೊಕ್ಕ ದಾರವನ್ನು ಎಳೆಯಬೇಡಿ, ಹೊರಗಿನ ಉದ್ದವನ್ನಷ್ಟೇ ಕತ್ತರಿಸಿ. ಬೇಗನೆ ಪಶುವೈದ್ಯರಿಗೆ ಅಥವಾ ಅರಣ್ಯ ಇಲಾಖೆಗೆ ಒಪ್ಪಿಸಿ.

ನೋಡಿದ್ದನ್ನು ಬರೆದಿಡಿ

ದಿನಾಂಕ, ಸಮಯ, ಜಾಗ, ಯಾವ ಹಕ್ಕಿ, ಎಷ್ಟು: ಐದು ವಿವರ ಸಾಕು. ಇಬರ್ಡ್ ಎಂಬ ಉಚಿತ ತಾಣದಲ್ಲಿ ಇದನ್ನು ದಾಖಲಿಸಬಹುದು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಹೆಚ್ಚಿನವರು ಸ್ವಯಂಸೇವಕರೇ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರುತ್ತದೆ, ಇದಕ್ಕೆ ಮನೆಯ ಬಾಲ್ಕನಿಯಿಂದ 15 ನಿಮಿಷ ಎಣಿಸಿದರೂ ಸಾಕು. ಕುತ್ತಿಗೆ ಪಟ್ಟಿ ಅಥವಾ ಕಾಲುಂಗುರ ಇರುವ ಹಕ್ಕಿ ಕಂಡರೆ ಬಣ್ಣ, ಅಕ್ಷರ, ಸಂಖ್ಯೆಗಳನ್ನು ದೂರದಿಂದಲೇ ಓದಿ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದವರಿಗೆ ಆ ಹಕ್ಕಿ ಎಲ್ಲಿ ಚಳಿಗಾಲ ಕಳೆಯಿತು ಎಂಬುದು ತಿಳಿಯುವುದು ಹೀಗೆಯೇ.

ಒಂದು ಕೆರೆಯ ಭವಿಷ್ಯದ ಬಗ್ಗೆ ಸಭೆ ನಡೆದಾಗ 'ಇಲ್ಲಿ ಹಕ್ಕಿಗಳಿವೆ' ಎಂಬ ಮಾತಿಗಿಂತ 'ಕಳೆದ ಐದು ಚಳಿಗಾಲಗಳಲ್ಲಿ ಇಂತಿಷ್ಟು ಹಕ್ಕಿಗಳು ಬಂದಿವೆ' ಎಂಬ ಪಟ್ಟಿಗೆ ಬೆಲೆ ಹೆಚ್ಚು. ಆ ಪಟ್ಟಿ ತಯಾರಾಗುವುದು ಭಾನುವಾರ ಬೆಳಗ್ಗೆ ಬಂದು ಹೋಗುವವರ ನೋಟ್‌ಬುಕ್‌ಗಳಿಂದ.

ಕೊಕ್ಕರೆ ಬೆಳ್ಳೂರಿನ ಜನರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಲ್ಲಿ ಹಕ್ಕಿಗಳು ಮನೆಯ ಮರದಲ್ಲಿ ಗೂಡು ಕಟ್ಟುತ್ತವೆ, ಕೆಳಗೆ ಜನ ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ, ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹಕ್ಕಿಗಳು ಅಲ್ಲಿ ಮನುಷ್ಯರಿಗೆ ಹೆದರದಿರುವುದು ಅಲ್ಲಿ ಯಾರೂ ಅವುಗಳ ಹಿಂದೆ ಹೋಗದ ಕಾರಣಕ್ಕೆ. ಕೆರೆ ಏರಿಯ ಮೇಲೆ ಕಾರು ನಿಲ್ಲಿಸುವವರೂ ಬಾಗಿಲು ಮೆಲ್ಲಗೆ ಮುಚ್ಚಿ, ಇದ್ದಲ್ಲೇ ಅರ್ಧ ಗಂಟೆ ಕೂತರೆ ಸಾಕು. ಬಾತುಗಳು ಮೇಯುತ್ತಲೇ ಇರುತ್ತವೆ.